ಕಾಂಕ್ರೀಟು ಸುರಿಯುವ ಮುನ್ನ ಮಣ್ಣು ನೋಡಿ

ಕ್ಯಾಲಿಫೋರ್ನಿಯಾದ ಸೆರಿಟೋಸ್‌ನಲ್ಲಿ ಖಾಲಿ ನೆಲ ಉಳಿದಿಲ್ಲ. ಆದರೂ ರಾಜ್ಯದ ವಸತಿ ಲೆಕ್ಕದ ಪ್ರಕಾರ 2021ರಿಂದ 2029ರೊಳಗೆ ಈ ಊರು ಸುಮಾರು 1,900 ಹೊಸ ಮನೆಗಳಿಗೆ ಜಾಗ ತೋರಿಸಲೇಬೇಕು. ಆ ಜಾಗ ಎಲ್ಲಿಂದ ಬರಬೇಕು? ಹಳೆಯ ಅಂಗಡಿಸಾಲು, ಬಾಗಿಲು ಮುಚ್ಚಿದ ಗ್ಯಾರೇಜು, ಕೆಲಸ ನಿಂತ ಗೋದಾಮು, ಅರ್ಧ ತುಂಬದ ಪಾರ್ಕಿಂಗ್ ಲಾಟು, ಇಲ್ಲವೆ ಇರುವ ಮನೆಯ ಹಿತ್ತಲಿನಿಂದಲೇ ಬರಬೇಕು. ಮುಂದಿನ ವರ್ಷಗಳಲ್ಲಿ ಇಲ್ಲಿ ಏಳುವ ಹೆಚ್ಚುಕಡಿಮೆ ಎಲ್ಲ ಮನೆಗಳೂ ಯಾರೋ ಏನೋ ಉದ್ಯೋಗ ಮಾಡಿ ಬಿಟ್ಟುಹೋದ ಮಣ್ಣಿನ ಮೇಲೆಯೇ ಏಳುತ್ತವೆ. ಆ ಮಣ್ಣಿನಲ್ಲಿ ಏನಿದೆ, ಅದರ ಕೆಳಗಿನ ನೀರಿನಲ್ಲಿ ಏನಿದೆ, ಆ ನೀರು ಎಷ್ಟು ಮೇಲೆ ಬರಬಲ್ಲದು ಎಂಬುದನ್ನು ಪಾಯ ತೋಡುವ ಮೊದಲೇ ತಿಳಿದುಕೊಳ್ಳಬೇಕು. ಅನಾಹುತ ಆದಮೇಲೆ ಬರೆಯುವುದು ಸುಲಭ. ಆಗುವ ಮೊದಲೇ ಹೇಳಬೇಕೆಂದು ಈ ಮಾತು.

ಈ ಊರಿನ ನೆಲದ ಚರಿತ್ರೆ ಬಹಳ ಹಳೆಯದೇನಲ್ಲ. 1956ರ ಏಪ್ರಿಲ್‌ನಲ್ಲಿ ಇದು ಪಟ್ಟಣವಾದಾಗ ಇದರ ಹೆಸರು ಡೈರಿ ವ್ಯಾಲಿ. ಮನೆ ಕಟ್ಟುವವರ ಕೈಗೆ ಹುಲ್ಲುಗಾವಲು ಹೋಗದಿರಲಿ ಎಂದು ಹೈನುಗಾರರೇ ಸೇರಿ ಮಾಡಿಕೊಂಡ ಪಟ್ಟಣವದು. ಜನರಿಗಿಂತ ಹಸುಗಳ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚಿತ್ತು. ಪಕ್ಕದ ಲಾ ಪಾಲ್ಮಾ ಆಗ ಡೈರಿಲ್ಯಾಂಡ್, ಸೈಪ್ರೆಸ್ ಆಗ ಡೈರಿ ಸಿಟಿ. ಭೂಮಿಯ ಬೆಲೆ ಏರಿತು, ಹೈನುಗಾರರು ಮಾರಿ ಪೂರ್ವದ ಚೀನೋ ಕಡೆಗೆ ಹೋದರು. 1967ರಲ್ಲಿ ಊರಿನ ಹೆಸರು ಸೆರಿಟೋಸ್ ಆಯಿತು, 70ರ ದಶಕದ ಆರಂಭದಲ್ಲಿ ಕೊಟ್ಟಿಗೆಗಳಿದ್ದಲ್ಲಿ ಬೀದಿಗೆ ಬೀದಿ ಮನೆಗಳೆದ್ದವು. ಇಂದು ಆರ್ಟೀಶಿಯಾದ ಪಯೊನೀರ್ ಬುಲವಾರ್ಡಿಗೆ ಸೊಪ್ಪು, ಸಾಂಬಾರುಪುಡಿ ತರಲು ಬರುವ ಕನ್ನಡಿಗರು ಕಾರು ನಿಲ್ಲಿಸುವ ಆಸುಪಾಸೆಲ್ಲ ಒಂದು ಕಾಲದ ದನದ ಹಟ್ಟಿಗಳ ಬಯಲು. ಆರ್ಟೀಶಿಯಾಕ್ಕೆ ಆ ಹೆಸರು ಬಂದದ್ದೇ ಅಲ್ಲಿ ಪಂಪಿಲ್ಲದೆ ತಾನಾಗಿ ಉಕ್ಕುತ್ತಿದ್ದ ಬಾವಿಗಳಿಂದ. ನೀರು ಅಷ್ಟು ಹತ್ತಿರದಲ್ಲಿತ್ತು.

ದನದ ಹಟ್ಟಿಯ ಮಣ್ಣು ಕೆಟ್ಟ ಮಣ್ಣೆಂದು ಹೇಳುತ್ತಿಲ್ಲ. ಆದರೆ ದಶಕಗಳ ಸಗಣಿ, ಗಂಜಲ ಒಂದೇ ಕಡೆ ಇಂಗಿದರೆ ನೈಟ್ರೇಟ್ ಮತ್ತು ಲವಣ ಅಂತರ್ಜಲಕ್ಕಿಳಿಯುತ್ತವೆ. ಸಗಣಿಯ ಹೊಂಡವನ್ನು ಮುಚ್ಚಿ ಮೇಲೆ ಮಣ್ಣು ಹರಡಿದರೆ ಒಳಗೆ ಕೊಳೆಯುವ ಪದಾರ್ಥ ಮೀಥೇನ್ ಬಿಡುತ್ತದೆ, ಕೊಳೆತಷ್ಟೂ ನೆಲ ಕುಸಿಯುತ್ತದೆ. ಚೀನೋ ಕಣಿವೆಯಲ್ಲಿ ಇದರ ಬೆಲೆ ಕಣ್ಣಿಗೇ ಕಾಣುತ್ತದೆ. ಅಲ್ಲಿಯ ಅಂತರ್ಜಲದಿಂದ ನೈಟ್ರೇಟು, ಉಪ್ಪು ತೆಗೆಯಲು ದೊಡ್ಡ ಶುದ್ಧೀಕರಣ ಸ್ಥಾವರಗಳನ್ನೇ ಕಟ್ಟಬೇಕಾಯಿತು. ಈಗ ನಮ್ಮ ಎಷ್ಟೋ ಯುವ ಕುಟುಂಬಗಳು ಹೊಸ ಮನೆ ಹುಡುಕುವ ಆಂಟೇರಿಯೊ ರಾಂಚ್, ಈಸ್ಟ್‌ವೇಲ್ ಬಡಾವಣೆಗಳು ಅದೇ ಹೈನು ನೆಲದ ಮೇಲಿವೆ. ಸಗಣಿ ಬೆರೆತ ಮೇಲ್ಮಣ್ಣು ತೆಗೆದದ್ದು, ಮೀಥೇನ್ ಅಳೆದದ್ದು, ಒಳ್ಳೆಯ ಮಣ್ಣು ತುಂಬಿ ಗಟ್ಟಿ ಮಾಡಿದ್ದು ಕಾಗದದಲ್ಲಿ ಇದೆಯೇ ಎಂದು ಕೊಳ್ಳುವವರು ಕೇಳಬೇಕು. ಮಾಡೆಲ್ ಮನೆಯ ಕ್ವಾರ್ಟ್ಜ್ ಕೌಂಟರ್ ನೋಡಲು ಸಿಗುವ ಉತ್ಸಾಹ ಆ ಕಾಗದಕ್ಕೂ ಸಿಗಬೇಕು.

ಕಾಗದ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಸೆರಿಟೋಸ್‌ನಿಂದ 91 ಫ್ರೀವೇ ಹಿಡಿದು ಪಶ್ಚಿಮಕ್ಕೆ ಹೋದರೆ ಕಾರ್ಸನ್ ಸಿಗುತ್ತದೆ. ಅಲ್ಲಿ ಕೆರೊಸೆಲ್ ಎಂಬ ಬಡಾವಣೆ ಇದೆ, 44 ಎಕರೆ, 285 ಮನೆ. 1920ರ ದಶಕದಿಂದ ಆ ಜಾಗದಲ್ಲಿ ಶೆಲ್ ಕಂಪನಿಯ ಕಚ್ಚಾ ತೈಲದ ಮೂರು ದೊಡ್ಡ ಕೆರೆಯಂಥ ತೊಟ್ಟಿಗಳಿದ್ದವು, ತಳಕ್ಕೆ ಕಾಂಕ್ರೀಟ್ ಹಾಸು. 1960ರ ದಶಕದ ನಡುವಿನಲ್ಲಿ ಜಾಗ ಬಿಲ್ಡರ್ ಕೈಗೆ ಹೋಯಿತು. ತೊಟ್ಟಿಗಳನ್ನು ಒಡೆದರು, ಏರಿಯ ಮಣ್ಣನ್ನೇ ಒಳಕ್ಕೆ ತಳ್ಳಿ ಸಮ ಮಾಡಿದರು, ಮೇಲೆ ಮನೆ ಕಟ್ಟಿ ಮಾರಿದರು. ಕೊಂಡವರಲ್ಲಿ ಬಹಳ ಮಂದಿ ಮಧ್ಯಮ ವರ್ಗದ ಸಂಸಾರಸ್ಥರು. ಹಿತ್ತಲಲ್ಲಿ ನಿಂಬೆ ನೆಟ್ಟರು, ತರಕಾರಿ ಬೆಳೆದರು, ಮಕ್ಕಳನ್ನು ಆ ಮಣ್ಣಲ್ಲಿ ಆಡಲು ಬಿಟ್ಟರು. ನಲವತ್ತು ವರ್ಷ ಹೀಗೇ ಕಳೆಯಿತು. 2008ರಲ್ಲಿ ಪಕ್ಕದ ಬೇರೊಂದು ಕೈಗಾರಿಕಾ ಜಾಗದ ತನಿಖೆ ನಡೆಸುವಾಗ ಈ ಬಡಾವಣೆಯ ಅಡಿಯ ಎಣ್ಣೆ ಬೆಳಕಿಗೆ ಬಂತು. ಮಣ್ಣಿನಲ್ಲಿ ಪೆಟ್ರೋಲಿಯಂ, ಬೆಂಜೀನ್. ಮಣ್ಣಿನ ಆವಿಯಲ್ಲಿ ಮೀಥೇನ್. ನಿವಾಸಿಗಳಿಗೆ ಬಂದ ಸೂಚನೆ ಏನು ಗೊತ್ತೇ? ಹಿತ್ತಲಿನ ಮಣ್ಣನ್ನು ಅಗೆಯಬೇಡಿ, ಅಲ್ಲಿ ಬೆಳೆದದ್ದನ್ನು ತಿನ್ನಬೇಡಿ.

ಲಾಸ್ ಏಂಜಲೀಸ್ ಪ್ರಾದೇಶಿಕ ಜಲಗುಣಮಟ್ಟ ಮಂಡಳಿ 2011ರಲ್ಲಿ ಶುದ್ಧೀಕರಣದ ಆದೇಶ ಹೊರಡಿಸಿತು. ಹೇಗೆ ಮಾಡಬೇಕೆಂಬ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2015ರಲ್ಲಿ. ಕೆಲಸವೆಂದರೆ ಅಂಗಳ, ಹಿತ್ತಲುಗಳನ್ನು ಐದಡಿ, ಕೆಲವು ಕಡೆ ಇನ್ನೂ ಆಳ ಅಗೆದು ಮಣ್ಣು ಹೊತ್ತೊಯ್ಯುವುದು. ಮನೆಯವರು ವಾರಗಟ್ಟಲೆ ಬೇರೆಡೆ ಇರಬೇಕಾಯಿತು, ವಾಪಸಾದಾಗ ಬೆಳೆಸಿದ ಮರಗಳಿರಲಿಲ್ಲ. ಮನೆಯ ಅಡಿಯಲ್ಲೇ ಇರುವ ಮಣ್ಣನ್ನು ತೆಗೆಯುವಂತಿರಲಿಲ್ಲ, ಆವಿಯನ್ನು ಪೈಪಿನಲ್ಲಿ ಹೊರಗೆಳೆಯುವುದೊಂದೇ ದಾರಿಯಾಗಿತ್ತು. ನಿವಾಸಿಗಳಿಗೆ ಶೆಲ್ 90 ದಶಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆ ಹಣದಿಂದ ನಲವತ್ತು ವರ್ಷ ವಾಪಸು ಬರುವುದಿಲ್ಲ. ಅಲ್ಲಿ ಏನಿತ್ತೆಂಬುದು ಗುಟ್ಟೂ ಆಗಿರಲಿಲ್ಲ. ಹಳೆಯ ವೈಮಾನಿಕ ಚಿತ್ರಗಳಲ್ಲಿ ತೈಲದ ತೊಟ್ಟಿಗಳು ಎದ್ದು ಕಾಣುತ್ತವೆ. ನೋಡಲೇಬೇಕೆಂಬ ಕಾನೂನು ಆಗ ಇರಲಿಲ್ಲ, ಅಷ್ಟೆ.

ಈಗ ಇದೆಯೇ ಎಂದರೆ, ಅರ್ಧ ಇದೆ. 

ದೊಡ್ಡ ಯೋಜನೆಗಳಲ್ಲಿ ಜಾಗದ ಚರಿತ್ರೆ ನೋಡುವ 'ಫೇಸ್ ಒನ್' ಎಂಬ ಪರಿಶೀಲನೆ ನಡೆಯುತ್ತದೆ. ಸಾಲ ಕೊಡುವ ಬ್ಯಾಂಕು ಕೇಳುತ್ತದೆ. ಅಂಗಡಿ ಜಾಗದಲ್ಲಿ ಮನೆ ಕಟ್ಟಲು ದಾರಿ ಮಾಡಿಕೊಟ್ಟ 2022ರ ಎಬಿ 2011 ಕಾನೂನೂ ಅದನ್ನು ಕೇಳುತ್ತದೆ. 2025ರ ಜೂನ್ ಕೊನೆಯಲ್ಲಿ ಸಹಿಯಾದ ಎಬಿ 130, ಊರೊಳಗಿನ ಬಹುಪಾಲು ವಸತಿ ಯೋಜನೆಗಳನ್ನು ರಾಜ್ಯದ ಪರಿಸರ ಪರಿಶೀಲನಾ ಕಾಯಿದೆಯಿಂದ ಹೊರಗಿಟ್ಟಿತು. ಆದರೂ ಫೇಸ್ ಒನ್ ಷರತ್ತನ್ನು ಉಳಿಸಿತು, ಅದರಲ್ಲಿ ಅನುಮಾನ ಕಂಡರೆ ಮುಂದಿನ ಪರೀಕ್ಷೆ ಆಗಬೇಕೆಂದೂ ಹೇಳಿತು. ಮನೆಗಳ ಬರ ಎಷ್ಟೆಂದು ಇಲ್ಲಿ ಬಾಡಿಗೆ ಕಟ್ಟುವ ಎಲ್ಲರಿಗೂ ಗೊತ್ತು, ವೇಗ ಬೇಕು ಎನ್ನುವುದರಲ್ಲಿ ನಮ್ಮ ತಕರಾರಿಲ್ಲ. ತಕರಾರು ಇರುವುದು ಬೇರೆ ಕಡೆ. ಮೊದಲು ಸಾರ್ವಜನಿಕರ ಎದುರು ತಿಂಗಳುಗಟ್ಟಲೆ ಚರ್ಚೆಗೆ ಬರುತ್ತಿದ್ದ ಮಣ್ಣಿನ ವರದಿ ಈಗ ಫೈಲಿನೊಳಗೆ ಬೇಗ ಸೇರಿಹೋಗುತ್ತದೆ. ನೆರೆಯವರು, ಕೊಳ್ಳುವವರು ತಾವೇ ಕೇಳಿ ಓದದಿದ್ದರೆ ಅದನ್ನು ಓದುವ ಕಣ್ಣು ಕಡಿಮೆಯಾಗುತ್ತದೆ.

ಚಿಕ್ಕ ಯೋಜನೆಗಳ ಸ್ಥಿತಿ ಇನ್ನೂ ಸಡಿಲ. ಒಂದು ನಿವೇಶನವನ್ನು ಎರಡು ಮಾಡಿ ಮನೆ ಕಟ್ಟುವವರನ್ನು, ಹಿತ್ತಲಲ್ಲಿ ಅಪ್ಪ ಅಮ್ಮನಿಗೆಂದು ಎಡಿಯು ಎಂಬ ಪುಟ್ಟ ಹೆಚ್ಚುವರಿ ಮನೆ ಏರಿಸುವವರನ್ನು ಆ ಮಣ್ಣಿನ ಪೂರ್ವಾಪರ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಭೂಕಂಪದ ವೇಳೆ ನೆಲ ದ್ರವದಂತಾಗುವ ಪ್ರದೇಶಗಳನ್ನು ಗುರುತಿಸಿ, ಅಲ್ಲಿ ಕಟ್ಟುವ ಮೊದಲು ತಜ್ಞರ ತನಿಖೆ ಆಗಬೇಕೆಂದು 1990ರಲ್ಲೇ ರಾಜ್ಯ ಕಾಯಿದೆ ಮಾಡಿದೆ. ಆದರೆ ಆ ಕಾಯಿದೆಯ ವ್ಯಾಖ್ಯೆಯಲ್ಲಿ, ನಾಲ್ಕು ಅಥವಾ ಹೆಚ್ಚು ಮನೆಗಳ ಯೋಜನೆಯ ಭಾಗವಲ್ಲದ, ಎರಡು ಅಂತಸ್ತಿನೊಳಗಿನ ಮರದ ಚೌಕಟ್ಟಿನ ಒಂಟಿ ಮನೆ 'ಯೋಜನೆ'ಯೇ ಅಲ್ಲ. ನಾವು ಕಟ್ಟುವುದು, ಕೊಳ್ಳುವುದು ಬಹುಪಾಲು ಅದನ್ನೇ.

ಮಾರಾಟದ ಕಾಗದದ ವಿಷಯವೂ ಹೀಗೇ. ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾರುವವರು ನೈಸರ್ಗಿಕ ಅಪಾಯಗಳ ಹೇಳಿಕೆ ಕೊಡುತ್ತಾರೆ. ಪ್ರವಾಹ, ಅಣೆಕಟ್ಟಿನ ನೀರು, ಕಾಡ್ಗಿಚ್ಚು, ಭೂಕಂಪದ ಬಿರುಕು, ನೆಲ ದ್ರವವಾಗುವ ವಲಯ ಅದರಲ್ಲಿರುತ್ತವೆ. ಮಣ್ಣಿನ ವಿಷ ಆ ಪಟ್ಟಿಯಲ್ಲಿಲ್ಲ. ಅದು ಬರುವುದು ಇನ್ನೊಂದು ನಮೂನೆಯಲ್ಲಿ, ಮಾರುವವರಿಗೆ ತಿಳಿದಿದ್ದರೆ ಹೇಳಬೇಕು ಎಂಬ ಕಲಮಿನಡಿ. ಪರೀಕ್ಷೆ ಮಾಡಿಸಿ ಕಲುಷಿತ ಎಂದು ತಿಳಿದವನು ಹೇಳಲೇಬೇಕು. ಪರೀಕ್ಷೆಯನ್ನೇ ಮಾಡಿಸದವನಿಗೆ ಹೇಳಲು ಏನೂ ಇಲ್ಲ. ಹೀಗಾಗಿ ಇಂದಿನ ಕಾನೂನಿನಲ್ಲಿ ತಿಳಿಯದಿರುವುದೇ ಲಾಭ. ನಮ್ಮ ಎಚ್ಚರಿಕೆಯ ತಿರುಳು ಇದು.

ಪರೀಕ್ಷೆ ಎಂದರೆ ಏನೆಂದು ತುಸು ಬಿಡಿಸಿ ಹೇಳಬೇಕು, ಯಾಕೆಂದರೆ 'ಸಾಯಿಲ್ ರಿಪೋರ್ಟ್ ಇದೆ' ಎಂಬ ಒಂದು ಮಾತಿಗೆ ಸಮಾಧಾನಪಟ್ಟವರು ಬಹಳ. ಸಾಯಿಲ್ ರಿಪೋರ್ಟ್ ಸಾಮಾನ್ಯವಾಗಿ ಮಣ್ಣಿನ ಬಲವನ್ನು ಹೇಳುತ್ತದೆ, ಶುದ್ಧಿಯನ್ನಲ್ಲ. ಕೊಳವೆ ಕೊರೆದು 140 ಪೌಂಡಿನ ತೂಕವನ್ನು 30 ಅಂಗುಲ ಎತ್ತರದಿಂದ ಬೀಳಿಸುತ್ತಾರೆ, ಮಾದರಿ ತೆಗೆಯುವ ಕೊಳವೆ ಒಂದಡಿ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಬರೆದಿಡುತ್ತಾರೆ. ಮರಳಿನಲ್ಲಿ ಹತ್ತಕ್ಕಿಂತ ಕಡಿಮೆ ಪೆಟ್ಟಿಗೆ ಇಳಿದರೆ ಅದು ಸಡಿಲ ಮರಳು. ಅದರ ಜೊತೆಗೆ ನೀರಿನ ಮಟ್ಟ ಮೇಲಿದ್ದು ಭೂಮಿ ಜೋರಾಗಿ ಅಲುಗಿದರೆ ಆ ಮರಳು ಭಾರ ಹೊರುವುದನ್ನು ಬಿಟ್ಟು ನೀರಿನಂತೆ ನಡೆದುಕೊಳ್ಳುತ್ತದೆ. ಸಾನ್ ಗೇಬ್ರಿಯಲ್ ನದಿ ಸಾವಿರಾರು ವರ್ಷ ತಂದು ಹಾಕಿದ ಮರಳು, ಹೂಳು, ಜೇಡಿಯ ಮೇಲೆ ನಿಂತ ಬಯಲು ನಮ್ಮದು. 1933ರ ಮಾರ್ಚ್ 10ರ ಲಾಂಗ್ ಬೀಚ್ ಭೂಕಂಪದಲ್ಲಿ ಕರಾವಳಿಯ ಬಯಲಿನ ನೆಲ ಬಾಯಿ ಬಿಟ್ಟು ಮರಳುನೀರು ಉಗುಳಿದ್ದು ದಾಖಲಾಗಿದೆ.

ವರದಿಯಲ್ಲಿ ಮತ್ತೊಂದು ಅಂಕಿ ನೋಡಬೇಕು, ಅಂತರ್ಜಲದ ಆಳ. 'ಕೊರೆದಾಗ ನೀರು ಸಿಗಲಿಲ್ಲ' ಎಂಬ ಸಾಲಿಗೆ ಮೋಸ ಹೋಗಬಾರದು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಇಲ್ಲಿಯ ಬಾವಿಗಳಿಂದ ಮಿತಿಯಿಲ್ಲದೆ ನೀರೆತ್ತಿ ಮಟ್ಟ ಪಾತಾಳಕ್ಕೆ ಹೋಗಿತ್ತು. 1959ರಲ್ಲಿ ನೀರು ಮರುಪೂರಣ ಮಾಡುವ ಜಿಲ್ಲಾ ಸಂಸ್ಥೆ ಹುಟ್ಟಿತು, 60ರ ದಶಕದಲ್ಲಿ ನೀರೆತ್ತಲು ನ್ಯಾಯಾಲಯದ ಮಿತಿ ಬಂತು, ಮಟ್ಟ ಚೇತರಿಸಿಕೊಂಡಿತು. ಅಂದರೆ ಇಳಿದ ನೀರು ಏರಬಲ್ಲದು. ಅದಕ್ಕೇ ರಾಜ್ಯದ ಭೂವಿಜ್ಞಾನಿಗಳು ಅಪಾಯ ಲೆಕ್ಕ ಹಾಕುವಾಗ ಇಂದಿನ ಮಟ್ಟ ಹಿಡಿಯುವುದಿಲ್ಲ, ಚರಿತ್ರೆಯಲ್ಲಿ ನೀರು ಅತಿ ಮೇಲೆ ಇದ್ದ ಮಟ್ಟ ಹಿಡಿಯುತ್ತಾರೆ. ನಿಮ್ಮ ಬಿಲ್ಡರ್‌ನ ಎಂಜಿನಿಯರ್ ಯಾವ ಮಟ್ಟ ಹಿಡಿದಿದ್ದಾರೆ ಎಂದು ಕೇಳಿ. ಬಲ್ಲವರಿಗೆ ಈ ಪ್ರಶ್ನೆ ಕೇಳಿದರೆ ಸಂತೋಷವೇ ಆಗುತ್ತದೆ.

ಕೊರೆತದ ದಾಖಲೆಯ ಮೇಲ್ತುದಿಯಲ್ಲಿ 'ಫಿಲ್' ಎಂದು ಬರೆದಿದ್ದರೆ ಅದು ಸಹಜ ನೆಲವಲ್ಲ, ಜನ ತಂದು ತುಂಬಿದ ಮಣ್ಣು. ಎಲ್ಲಿಂದ ತಂದದ್ದು?

ಶುದ್ಧಿಯ ತನಿಖೆ ಬೇರೆಯದೇ. ಫೇಸ್ ಒನ್‌ನಲ್ಲಿ ಗುದ್ದಲಿ ಹಾಕುವುದಿಲ್ಲ, ಚರಿತ್ರೆ ಓದುತ್ತಾರೆ. ದಶಕಕ್ಕೊಂದರಂತೆ ವೈಮಾನಿಕ ಚಿತ್ರ, ಬೆಂಕಿ ವಿಮೆ ಕಂಪನಿಗಳ ಸ್ಯಾನ್‌ಬೋರ್ನ್ ನಕ್ಷೆ, ಹಳೆಯ ವಿಳಾಸ ಪುಸ್ತಕ, ಸರ್ಕಾರಿ ದಾಖಲೆ, ಹತ್ತಿರದವರ ಮಾತು. ಆ ಅಂಗಡಿಸಾಲಿನಲ್ಲಿ ಎಂದಾದರೂ ಡ್ರೈ ಕ್ಲೀನರ್ ಇತ್ತೇ, ಪೆಟ್ರೋಲ್ ಬಂಕ್ ಇತ್ತೇ, ಪ್ಲೇಟಿಂಗ್ ಕೆಲಸ ನಡೆದಿತ್ತೇ ಎಂಬುದು ಅಲ್ಲಿ ತಿಳಿಯುತ್ತದೆ. ಡ್ರೈ ಕ್ಲೀನರ್ ಎಂದರೆ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅವರು ಬಳಸುತ್ತಿದ್ದ ಪರ್‌ಕ್ಲೋರೊಎಥಿಲೀನ್, ಇಲ್ಲಿಯವರ ಬಾಯಲ್ಲಿ 'ಪರ್ಕ್', ಕಾಂಕ್ರೀಟು ನೆಲವನ್ನೂ ತೂರಿ ಇಳಿಯುತ್ತದೆ. ನೀರಿಗಿಂತ ಭಾರವಾದ್ದರಿಂದ ಅಂತರ್ಜಲದೊಳಕ್ಕೂ ಮುಳುಗುತ್ತದೆ, ಆಮೇಲೆ ವರ್ಷಾನುಗಟ್ಟಲೆ ಆವಿಯಾಗಿ ಮೇಲೇರಿ ಸ್ಲ್ಯಾಬಿನ ಬಿರುಕಿನಿಂದ ಕೋಣೆಗೆ ಬರುತ್ತದೆ. ವಾಸನೆ ಬಾರದಷ್ಟು ಕಡಿಮೆ ಇದ್ದರೂ ದಿನವೂ ಉಸಿರಾಡಿದರೆ ಕ್ಯಾನ್ಸರ್ ಅಪಾಯ. ರಾಜ್ಯದಲ್ಲಿ ಡ್ರೈ ಕ್ಲೀನಿಂಗ್ ಯಂತ್ರಗಳಲ್ಲಿ ಅದರ ಬಳಕೆ 2023ರ ಹೊತ್ತಿಗೆ ನಿಂತಿತು, ನೆಲಕ್ಕೆ ಇಳಿದದ್ದು ನಿಂತಿಲ್ಲ. ಇದನ್ನು ಕಂಡುಹಿಡಿಯಲು ಮಣ್ಣಿನ ಮಾದರಿ ಸಾಲದು. ಐದಡಿ, ಹದಿನೈದಡಿ ಆಳಕ್ಕೆ ಸಣ್ಣ ನಳಿಕೆ ಇಳಿಸಿ ಮಣ್ಣಿನ ಸಂದಿಯ ಆವಿಯನ್ನೇ ಹೀರಿ ಪ್ರಯೋಗಾಲಯಕ್ಕೆ ಕಳಿಸಬೇಕು.

ಆವಿಯ ಮಾತು ಬಂದಾಗ ಒಮೆಗಾ ಕೆಮಿಕಲ್ ನೆನಪಾಗಲೇಬೇಕು. ವಿಟ್ಟಿಯರ್‌ನಲ್ಲಿ 1976ರಿಂದ 1991ರವರೆಗೆ ಬಳಸಿದ ದ್ರಾವಕಗಳನ್ನು ಶುದ್ಧಿ ಮಾಡುತ್ತಿದ್ದ ಘಟಕವದು. ಅಲ್ಲಿ ಸೋರಿದ್ದು ಅಂತರ್ಜಲ ಸೇರಿ, ವಿಟ್ಟಿಯರ್, ಸಾಂತಾ ಫೆ ಸ್ಪ್ರಿಂಗ್ಸ್ ದಾಟಿ ನಾರ್ವಾಕ್‌ವರೆಗೆ ಸುಮಾರು ನಾಲ್ಕೂವರೆ ಮೈಲಿ ಉದ್ದಕ್ಕೆ ಹಬ್ಬಿದೆ. 1999ರಲ್ಲಿ ಒಕ್ಕೂಟ ಸರ್ಕಾರ ಅದನ್ನು ಅತಿ ಕಲುಷಿತ ಜಾಗಗಳ ಸೂಪರ್‌ಫಂಡ್ ಪಟ್ಟಿಗೆ ಸೇರಿಸಿತು. ನಾರ್ವಾಕ್‌ನ ದಕ್ಷಿಣದ ಗಡಿ ದಾಟಿದರೆ ಸೆರಿಟೋಸ್. ಆ ಕೊಳೆ ಸೆರಿಟೋಸ್‌ನ ಅಡಿಗೆ ಬಂದಿದೆ ಎಂದು ನಾವು ಹೇಳುತ್ತಿಲ್ಲ. ನಲ್ಲಿಯ ನೀರಿನ ಬಗ್ಗೆ ಗಾಬರಿಯೂ ಬೇಡ, ನಗರಗಳು ಕೊಡುವ ನೀರು ಕಾನೂನಿನಂತೆ ನಿಯಮಿತ ಪರೀಕ್ಷೆಗೆ ಒಳಪಡುತ್ತದೆ. ನಾವು ಹೇಳುವುದು ಇಷ್ಟು: ನೆಲದಡಿಯ ನೀರು ಊರ ಗಡಿ ನೋಡಿ ನಿಲ್ಲುವುದಿಲ್ಲ. ಪರಿಶೀಲನೆಯನ್ನು ಆ ಒಂದು ನಿವೇಶನದ ಬೇಲಿಗೇ ನಿಲ್ಲಿಸಿದರೆ ಅದು ಪರಿಶೀಲನೆಯಾಗುವುದಿಲ್ಲ.

ಲಾಸ್ ಏಂಜಲೀಸ್ ಸುತ್ತಲಿನ 2025ರ ಜನವರಿಯ ಬೆಂಕಿ ಈ ವಿಷಯಕ್ಕೆ ಹೊಸ ತುರ್ತು ತಂದಿದೆ. ಆಲ್ಟಡೀನದ ಈಟನ್ ಬೆಂಕಿಯಲ್ಲಿ 9,000ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು, ಪ್ಯಾಲಿಸೇಡ್ಸ್‌ನಲ್ಲಿ 6,000ಕ್ಕೂ ಹೆಚ್ಚು. ಹಳೆಯ ಮನೆಗಳ ಬಣ್ಣದ ಸೀಸ, ಕಾರು ಬ್ಯಾಟರಿ, ಆಸ್‌ಬೆಸ್ಟಾಸ್ ಎಲ್ಲವೂ ಬೂದಿಯಾಗಿ ನೆಲಕ್ಕಿಳಿದವು. ಸೇನಾ ಎಂಜಿನಿಯರುಗಳು ಅವಶೇಷದ ಜೊತೆ ಆರಂಗುಲದವರೆಗೆ ಮಣ್ಣು ತೆಗೆದರು. ಆದರೆ ತೆಗೆದ ನಂತರ ಉಳಿದ ಮಣ್ಣು ಶುದ್ಧವೇ ಎಂದು ಖಚಿತಪಡಿಸುವ ಪರೀಕ್ಷೆಗೆ ಒಕ್ಕೂಟ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾ ಹಣ ಕೊಡಲು ಒಪ್ಪಲಿಲ್ಲ. ಇದೇ ರಾಜ್ಯದ ಹಿಂದಿನ ದೊಡ್ಡ ಬೆಂಕಿಗಳಲ್ಲಿ ಆ ಪರೀಕ್ಷೆ ನಡೆಯುತ್ತಿತ್ತು. ಮನೆ ಮಣ್ಣಿನಲ್ಲಿ ಸೀಸಕ್ಕೆ ಕ್ಯಾಲಿಫೋರ್ನಿಯಾ ಇಟ್ಟುಕೊಂಡ ಎಚ್ಚರಿಕೆಯ ಮಟ್ಟ ಕಿಲೋಗೆ 80 ಮಿಲಿಗ್ರಾಂ. ಬೆಂಕಿಯ ನಂತರ ನಡೆದ ಸ್ವತಂತ್ರ ಪರೀಕ್ಷೆಗಳಲ್ಲಿ ಅದನ್ನು ಮೀರಿದ ನಿವೇಶನಗಳು ಸಿಕ್ಕವು. ಅಂಥ ನೆಲದ ಮೇಲೆ ಈಗ ಹೊಸ ತಳಪಾಯಗಳು ಬೀಳುತ್ತಿವೆ. ತಮ್ಮ ಖರ್ಚಿನಿಂದಲೇ ಪರೀಕ್ಷೆ ಮಾಡಿಸಿ ಎಂದು ಮನೆ ಕಳೆದುಕೊಂಡವರಿಗೆ ಹೇಳಬೇಕಾಗಿ ಬಂದದ್ದು ಆಡಳಿತಕ್ಕೆ ಶೋಭೆಯಲ್ಲ. ಆದರೂ ಹೇಳುತ್ತೇವೆ, ಮಾಡಿಸಿ. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿಯನ್ನು ಆಮೇಲೆ ಸರಿಪಡಿಸುವ ಔಷಧವಿಲ್ಲ.

ಶಾಲೆಗಳ ವಿಷಯದಲ್ಲಿ ಈ ರಾಜ್ಯ ಪಾಠ ಕಲಿತಿದೆ. ಲಾಸ್ ಏಂಜಲೀಸ್‌ನ ಹಳೆಯ ತೈಲಕ್ಷೇತ್ರದ ಮೇಲೆ ಬೆಲ್ಮಾಂಟ್ ಶಾಲಾ ಸಂಕೀರ್ಣ ಕಟ್ಟಲು ಹೊರಟು, ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲದ ಅಪಾಯ ಬಯಲಾಗಿ, 2000ದಲ್ಲಿ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಕೋಟ್ಯಂತರ ಡಾಲರ್ ಸುರಿದ ಮೇಲೆ, ಮತ್ತೆ ವಿನ್ಯಾಸ ಬದಲಿಸಿ 2008ರಲ್ಲಷ್ಟೇ ಅದು ಬೇರೆ ಹೆಸರಿನಲ್ಲಿ ತೆರೆಯಿತು. ಆ ಗಲಾಟೆಯ ಫಲವಾಗಿ, ರಾಜ್ಯದ ಹಣದಲ್ಲಿ ಕಟ್ಟುವ ಶಾಲೆಯ ನಿವೇಶನ ವಿಷಪದಾರ್ಥ ನಿಯಂತ್ರಣ ಇಲಾಖೆಯ ಮೇಲ್ವಿಚಾರಣೆಯಲ್ಲಿ ಮೊದಲೇ ತಪಾಸಣೆಯಾಗಬೇಕೆಂಬ ಕಾನೂನು ಬಂತು. ಮಗು ದಿನಕ್ಕೆ ಆರೇಳು ತಾಸು ಇರುವ ಶಾಲೆಗೆ ಈ ರಕ್ಷಣೆ ಇದೆ. ಉಳಿದ ಹೊತ್ತೆಲ್ಲ ಅದೇ ಮಗು ಊಟಮಾಡಿ, ನೆಲದ ಮೇಲೆ ಹೊರಳಾಡಿ, ಮಲಗಿ ಏಳುವ ಮನೆಗೆ ಯಾಕಿಲ್ಲ?

ಇನ್ನು ನಮ್ಮವರಿಗೊಂದು ಮಾತು. ಮನೆ ನೋಡುವಾಗ ನಾವು ಪೂರ್ವದ ಬಾಗಿಲು, ಈಶಾನ್ಯ, ಅಡುಗೆಮನೆಯ ಮೂಲೆ ಎಲ್ಲ ನೋಡುತ್ತೇವೆ, ಶಾಲೆಯ ರೇಟಿಂಗ್ ನೋಡುತ್ತೇವೆ. ವಾಸ್ತುವಿನ ಹಳೆಯ ಗ್ರಂಥಗಳು ಶುರುವಾಗುವುದೇ ಭೂಪರೀಕ್ಷೆಯಿಂದ. ಗುಂಡಿ ತೋಡಿ, ಅದೇ ಮಣ್ಣನ್ನು ತಿರುಗಿ ತುಂಬಿ, ಮಣ್ಣು ಮಿಕ್ಕಿತೇ ಕಡಿಮೆಯಾಯಿತೇ ನೋಡು ಎನ್ನುತ್ತವೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಂತರ್ಜಲ ಹುಡುಕುವುದಕ್ಕೇ ಒಂದು ಅಧ್ಯಾಯವಿದೆ. ಆ ಹಿರಿಯರು ಬಾಗಿಲಿಗೆ ಮೊದಲು ಮಣ್ಣು, ನೀರು ನೋಡುತ್ತಿದ್ದರು. ನಾವು ಬಾಗಿಲನ್ನು ಇಟ್ಟುಕೊಂಡು ಮಣ್ಣನ್ನು ಬಿಟ್ಟೆವು. ಬೆಂಗಳೂರಿನಲ್ಲಿ ಸೈಟು, ವಿಲ್ಲಾ ಮಾಡುವಾಗಲೂ ಇದೇ ತಪ್ಪು. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ಟ್ರಾಕ್ಟರು, ದೋಣಿಗಳಲ್ಲಿ ಹೊರತಂದದ್ದನ್ನು ಇಲ್ಲಿಂದಲೇ ಟಿವಿಯಲ್ಲಿ ನೋಡಿದೆವು. ರಾಜಕಾಲುವೆ ಎಲ್ಲಿ ಹರಿಯುತ್ತಿತ್ತು, ಕೆರೆಯಂಗಳ ಎಲ್ಲಿಯವರೆಗೆ ಇತ್ತು ಎಂಬುದು ಗ್ರಾಮ ನಕ್ಷೆಯಲ್ಲಿ ಇತ್ತು. ಖಾತೆ ನೋಡಿದ ಎಷ್ಟು ಜನ ನಕ್ಷೆ ಬಿಡಿಸಿ ನೋಡಿದ್ದರು?

ಇಲ್ಲಿ ನೋಡುವುದು ಕಷ್ಟವೂ ಅಲ್ಲ. ರಾಜ್ಯ ಜಲಮಂಡಳಿಯ ಜಿಯೊಟ್ರಾಕರ್, ವಿಷಪದಾರ್ಥ ಇಲಾಖೆಯ ಎನ್ವಿರೊಸ್ಟೋರ್ ಎರಡರಲ್ಲೂ ವಿಳಾಸ ಹಾಕಿದರೆ ಸುತ್ತಲಿನ ಸೋರಿದ ಟ್ಯಾಂಕು, ಹಳೆಯ ಕಾರ್ಖಾನೆ, ನಡೆಯುತ್ತಿರುವ ಶುದ್ಧೀಕರಣ ಎಲ್ಲವೂ ನಕ್ಷೆಯಲ್ಲಿ ಕಾಣುತ್ತವೆ, ವರದಿಗಳನ್ನೂ ಪುಕ್ಕಟೆ ಓದಬಹುದು. ಸಾಮಾನ್ಯ ಖರೀದಿ ಒಪ್ಪಂದದಲ್ಲಿ ಪರಿಶೀಲನೆಗೆಂದು 17 ದಿನದ ಅವಕಾಶ ಇರುತ್ತದೆ. ಬೇರೆ ಖರೀದಿದಾರರ ಪೈಪೋಟಿಗೆ ಹೆದರಿ ಅದನ್ನು ಬಿಟ್ಟುಕೊಡಬೇಡಿ. ಹೊಸ ಬಡಾವಣೆಯಾದರೆ ಬಿಲ್ಡರ್‌ನಿಂದ ಫೇಸ್ ಒನ್, ಆವಿ ಪರೀಕ್ಷೆ, ಮಣ್ಣಿನ ಬಲದ ವರದಿ ಮೂರನ್ನೂ ಬರವಣಿಗೆಯಲ್ಲಿ ಕೇಳಿ. ಫೇಸ್ ಒನ್‌ಗೆ ತಗಲುವುದು ಕೆಲವು ಸಾವಿರ ಡಾಲರ್, ಮನೆಯ ಬೆಲೆಯ ಮುಂದೆ ಅದು ಏನೇನೂ ಅಲ್ಲ. ನಮ್ಮ ಕರ್ನಾಟಕ ಸಾಂಸ್ಕೃತಿಕ ಸಂಘದಂಥ ಸಂಘಗಳು ತೆರಿಗೆ, ವೀಸಾ ಬಗ್ಗೆ ಮಾಹಿತಿ ಸಭೆ ನಡೆಸುವಂತೆ ಇದಕ್ಕೂ ಒಂದು ಸಂಜೆ ಕೊಡಬೇಕು. ಮಣ್ಣು, ನೀರಿನ ಎಂಜಿನಿಯರುಗಳು ನಮ್ಮವರಲ್ಲೇ ಎಷ್ಟೋ ಮಂದಿ ಇದ್ದಾರೆ.

ಸೆರಿಟೋಸ್, ಆರ್ಟೀಶಿಯಾ, ನಾರ್ವಾಕ್ ನಗರಗಳಿಂದ ನಾವು ಕೇಳುವುದು ಮೂರು. ಅಂಗಡಿ ಅಥವಾ ಕೈಗಾರಿಕೆ ಇದ್ದ ನೆಲದಲ್ಲಿ ಒಂದೇ ಮನೆ ಕಟ್ಟಿದರೂ ಪರವಾನಗಿಗೆ ಮೊದಲು ಚರಿತ್ರೆಯ ಪರಿಶೀಲನೆ, ಅನುಮಾನವಿದ್ದಲ್ಲಿ ಆವಿ ಪರೀಕ್ಷೆ ಆಗಲಿ. ಆ ವರದಿಗಳನ್ನು ನಗರದ ಜಾಲತಾಣದಲ್ಲಿ ವಿಳಾಸದ ಪ್ರಕಾರ ಇಡಲಿ. ಚಿಕ್ಕ ಕಟ್ಟಡಗಾರರಿಗೆ ಖರ್ಚು ಭಾರವಾಗದಂತೆ ನಗರವೇ ಒಂದು ಬಡಾವಣೆಗೆ ಒಮ್ಮೆ ಅಧ್ಯಯನ ಮಾಡಿಸಿ ಎಲ್ಲರಿಗೂ ಹಂಚಲಿ. ನಗರ ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಕಾನೂನಿನ ಹಕ್ಕಿದೆ, ಪೌರತ್ವ ಕೇಳುವುದಿಲ್ಲ, ಗ್ರೀನ್ ಕಾರ್ಡ್ ಕೇಳುವುದಿಲ್ಲ. ಮುಂದಿನ ವಸತಿ ಯೋಜನೆ ಕಾರ್ಯಸೂಚಿಗೆ ಬಂದ ದಿನ ಹೋಗಿ ಚೀಟಿ ಬರೆದುಕೊಟ್ಟು ಎದ್ದು ನಿಂತು ಕೇಳಿ: ಈ ಜಾಗದಲ್ಲಿ ಮೊದಲು ಏನಿತ್ತು, ಅದರ ಆವಿ ಅಳೆದವರು ಯಾರು, ವರದಿ ಎಲ್ಲಿದೆ?